ಗಿಟ್ ರೆಪೊಸಿಟರಿ ಮಿತಿಮೀರಿ ಬೆಳೆದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇದ್ದುದರಿಂದ, ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿ, ದೊಡ್ಡ ಗಿಟ್ ರೆಪೊಸಿಟರಿಗಳ ನಿರ್ವಹಣೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ. ಗಿಟ್ ಎಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ; ಆ ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹವೇ ರೆಪೊಸಿಟರಿ.

ಪ್ರಶ್ನೆ: ನಮ್ಮ ಕಂಪನಿಯ ಎಲ್ಲ ಉತ್ಪನ್ನಗಳ ಕೋಡ್ ಒಂದೇ ಗಿಟ್ ರೆಪೊಸಿಟರಿಯಲ್ಲಿದೆ. ಹೊಸದಾಗಿ ಸೇರಿದವರು ಕ್ಲೋನ್ ಮಾಡಿಕೊಳ್ಳಲು (ಅದರ ಪ್ರತಿಯನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಲು) ಅರ್ಧ ದಿನ ಕಾಯಬೇಕು. ಏನೇನು ಬದಲಾಗಿದೆ ಎಂದು ತೋರಿಸುವ ‘ಗಿಟ್ ಸ್ಟೇಟಸ್’ ಆಜ್ಞೆ ಕೊಟ್ಟರೂ ಉತ್ತರ ಬರಲು ನಿಮಿಷಗಟ್ಟಲೆ ಹಿಡಿಯುತ್ತದೆ. ಇದನ್ನು ಹತ್ತಾರು ಚಿಕ್ಕ ರೆಪೊಸಿಟರಿಗಳಾಗಿ ಒಡೆಯುವುದೇ ಸರಿ ಎಂದು ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಒಡೆಯುವ ತೀರ್ಮಾನಕ್ಕೆ ಬರುವ ಮುನ್ನ ನಿಮ್ಮ ರೆಪೊಸಿಟರಿ ಯಾವ ಬಗೆಯಲ್ಲಿ ದೊಡ್ಡದಾಗಿದೆ ಎಂಬುದನ್ನು ಕಂಡುಕೊಳ್ಳಿ. ರೆಪೊಸಿಟರಿ ಭಾರವಾಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಕಮಿಟ್‌ಗಳ, ಅಂದರೆ ದಾಖಲಿಸಿದ ಬದಲಾವಣೆಗಳ, ಇತಿಹಾಸ ಬಹಳ ಉದ್ದವಾಗಿರಬಹುದು, ಈಗಿನ ಒಂದು ಆವೃತ್ತಿಯಲ್ಲೇ ಫೈಲುಗಳ ಸಂಖ್ಯೆ ಲಕ್ಷಗಳನ್ನು ದಾಟಿರಬಹುದು, ಅಥವಾ ಕೆಲವೇ ಫೈಲುಗಳು ಒಂದೊಂದೂ ನೂರಾರು ಮೆಗಾಬೈಟ್ ಇರಬಹುದು. ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಅನೇಕ ತಂಡಗಳು ಈ ವ್ಯತ್ಯಾಸವನ್ನು ನೋಡದೆ ಯಾರೋ ಸೂಚಿಸಿದ ಆಜ್ಞೆಗಳನ್ನು ಒಂದರ ಮೇಲೊಂದು ಪ್ರಯೋಗಿಸಿ, ಕಡೆಗೆ ಗಿಟ್ ಅನ್ನೇ ದೂರುತ್ತವೆ.

ಇತಿಹಾಸ ಉದ್ದವಾಗಿರುವುದೊಂದೇ ಸಾಮಾನ್ಯವಾಗಿ ದೊಡ್ಡ ತೊಂದರೆಯಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನೆಲ್‌ನ ಗಿಟ್ ಇತಿಹಾಸ 2005ರ ಏಪ್ರಿಲ್‌ನಲ್ಲಿ, ಲೀನಸ್ ಟೋರ್ವಾಲ್ಡ್ಸ್ ಗಿಟ್ ಅನ್ನು ಬರೆದ ತಿಂಗಳಲ್ಲೇ, ಆರಂಭವಾಯಿತು. ಇಂದು ಕರ್ನೆಲ್‌ನ ಕಮಿಟ್‌ಗಳು ಹತ್ತು ಲಕ್ಷ ದಾಟಿವೆ. ಆದರೂ ಅದನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಕೆಲಸ ಮಾಡಬಹುದು. ಅದರಲ್ಲಿರುವುದು ಬಹುಪಾಲು ಪಠ್ಯರೂಪದ ಕೋಡ್. ಒಂದು ಫೈಲಿನ ಹಳೆಯ ಮತ್ತು ಹೊಸ ರೂಪಗಳ ನಡುವಿನ ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಕುಗ್ಗಿಸುವ ಕೆಲಸವನ್ನು ಗಿಟ್ ಅಂಥ ಕಡೆ ಬಹಳ ಚೆನ್ನಾಗಿ ಮಾಡುತ್ತದೆ.

ಆದ್ದರಿಂದ ಮೊದಲು ಅಳತೆ ಮಾಡಿ. ‘ಗಿಟ್ ಕೌಂಟ್-ಆಬ್ಜೆಕ್ಟ್ಸ್’ ಆಜ್ಞೆಯನ್ನು ‘-v’ ಆಯ್ಕೆಯೊಂದಿಗೆ ಕೊಟ್ಟರೆ ಅದು ಪ್ಯಾಕ್ ಫೈಲುಗಳ, ಅಂದರೆ ಗಿಟ್ ತನ್ನ ದತ್ತಾಂಶವನ್ನು ಕುಗ್ಗಿಸಿ ಕಟ್ಟಿಡುವ ಫೈಲುಗಳ, ಒಟ್ಟು ಗಾತ್ರವನ್ನು ತಿಳಿಸುತ್ತದೆ. ‘ಗಿಟ್ ಎಲ್‌ಎಸ್-ಫೈಲ್ಸ್’ ಕೊಡುವ ಪಟ್ಟಿಯ ಸಾಲುಗಳನ್ನು ಎಣಿಸಿದರೆ ಈಗಿನ ಆವೃತ್ತಿಯಲ್ಲಿ ಎಷ್ಟು ಫೈಲುಗಳಿವೆ ಎಂದು ಗೊತ್ತಾಗುತ್ತದೆ. ಗಿಟ್ ರೆಪೊಸಿಟರಿಗಳನ್ನು ಇಡಲು ಜಾಲದಲ್ಲಿ ಜಾಗ ಕೊಡುವ ಗಿಟ್‌ಹಬ್ ಸಂಸ್ಥೆ ಹೊರತಂದಿರುವ ‘ಗಿಟ್-ಸೈಜರ್’ ಎಂಬ ಉಚಿತ ಉಪಕರಣ ಇಂಥ ಹಲವು ಅಳತೆಗಳನ್ನು ಒಂದೇ ಕೋಷ್ಟಕದಲ್ಲಿ ತೋರಿಸಿ, ಯಾವ ಅಂಕಿ ಚಿಂತಿಸುವಷ್ಟು ದೊಡ್ಡದು ಎಂಬುದನ್ನೂ ಗುರುತಿಸುತ್ತದೆ.

ನಿಮ್ಮ ಪತ್ರದಲ್ಲಿರುವ ಎರಡು ದೂರುಗಳು ವಾಸ್ತವವಾಗಿ ಎರಡು ಬೇರೆ ತೊಂದರೆಗಳು. ಕ್ಲೋನ್ ನಿಧಾನವಾಗುವುದು ಸರ್ವರ್‌ನಿಂದ ಇಳಿಸಿಕೊಳ್ಳಬೇಕಾದ ದತ್ತಾಂಶ ಹೆಚ್ಚಿರುವುದರಿಂದ. ‘ಸ್ಟೇಟಸ್’ ನಿಧಾನವಾಗುವುದು ಫೈಲುಗಳ ಸಂಖ್ಯೆ ಹೆಚ್ಚಿರುವುದರಿಂದ. ನೀವು ಒಂದೇ ಸಾಲು ತಿದ್ದಿದ್ದರೂ ಯಾವುದು ಬದಲಾಗಿದೆ ಎಂದು ತಿಳಿಯಲು ಗಿಟ್ ತನ್ನ ಇಂಡೆಕ್ಸ್ ಎಂಬ ಫೈಲುಗಳ ಪಟ್ಟಿಯಲ್ಲಿರುವ ಪ್ರತಿಯೊಂದು ಫೈಲಿನ ಬಗ್ಗೆಯೂ ಆಪರೇಟಿಂಗ್ ಸಿಸ್ಟಂ ಅನ್ನು ವಿಚಾರಿಸುತ್ತದೆ. ಐದು ಸಾವಿರ ಫೈಲುಗಳಿದ್ದರೆ ಅದು ನಮ್ಮ ಗಮನಕ್ಕೇ ಬರುವುದಿಲ್ಲ, ಐದು ಲಕ್ಷವಾದರೆ ಕಾಯುವುದೇ ಕೆಲಸವಾಗುತ್ತದೆ.

ಈ ಎರಡೂ ತೊಂದರೆಗಳನ್ನು ಅತಿ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ತಂಡ. ಅವರು ವಿಂಡೋಸ್ ಕೋಡ್ ಅನ್ನು ಗಿಟ್‌ಗೆ ತಂದಾಗ ಅದರಲ್ಲಿ ಸುಮಾರು 35 ಲಕ್ಷ ಫೈಲುಗಳಿದ್ದವು, ಗಾತ್ರ ಸುಮಾರು 300 ಗಿಗಾಬೈಟ್. 2017ರಲ್ಲಿ ಅವರೇ ಪ್ರಕಟಿಸಿದ ಪ್ರಕಾರ, ಕ್ಲೋನ್‌ಗೆ ಹನ್ನೆರಡು ಗಂಟೆಗೂ ಹೆಚ್ಚು, ಬ್ರಾಂಚ್ (ಕೋಡ್‌ನ ಒಂದು ಸಮಾನಾಂತರ ಕವಲು) ಬದಲಿಸಲು ಎರಡು ಮೂರು ಗಂಟೆ, ‘ಸ್ಟೇಟಸ್’ಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಫೈಲುಗಳೆಲ್ಲ ಡಿಸ್ಕ್‌ನಲ್ಲಿ ಇರುವಂತೆ ತೋರಿಸಿ, ತೆರೆದಾಗ ಮಾತ್ರ ಸರ್ವರ್‌ನಿಂದ ತರಿಸಿಕೊಳ್ಳುವ ವರ್ಚುವಲ್ ಫೈಲ್ ಸಿಸ್ಟಂ ಒಂದನ್ನು ಅವರು ಕಟ್ಟಿದ ಮೇಲೆ ಕ್ಲೋನ್ ಕೆಲವೇ ನಿಮಿಷಗಳಿಗೆ, ‘ಸ್ಟೇಟಸ್’ ನಾಲ್ಕೈದು ಸೆಕೆಂಡಿಗೆ ಇಳಿಯಿತು. ಆದರೆ ಅದು ಆಪರೇಟಿಂಗ್ ಸಿಸ್ಟಂನ ಒಳಭಾಗಕ್ಕೇ ಕೈಹಾಕುವ ಪರಿಹಾರವಾದ್ದರಿಂದ ಎಲ್ಲ ಕಡೆಗೂ ಒಯ್ಯಲು ಕಷ್ಟವಾಯಿತು. ಮುಂದೆ ಆಫೀಸ್ ತಂಡದ ಅಗತ್ಯಕ್ಕಾಗಿ ಅದೇ ಎಂಜಿನಿಯರ್‌ಗಳು ಆ ಮಾರ್ಗವನ್ನು ಬಿಟ್ಟು, ಗಿಟ್‌ನೊಳಗೇ ಸುಧಾರಣೆಗಳನ್ನು ಸೇರಿಸುತ್ತ ಹೋದರು. ‘ಸ್ಕೇಲಾರ್’ ಎಂಬ ಹೆಸರಿನ ಆ ಉಪಕರಣ 2022ರ ಅಕ್ಟೋಬರ್‌ನಲ್ಲಿ ಗಿಟ್ 2.38ನೇ ಆವೃತ್ತಿಯೊಂದಿಗೇ ಬಂತು. ಸಾವಿರಾರು ಎಂಜಿನಿಯರ್‌ಗಳ ಸಂಸ್ಥೆಯೊಂದು ತನಗಾಗಿ ಮಾಡಿಕೊಂಡ ಕೆಲಸ ಇಂದು ನಿಮ್ಮ ಐವತ್ತು ಜನರ ತಂಡಕ್ಕೂ ಪುಕ್ಕಟೆಯಾಗಿ ಸಿಗುತ್ತಿದೆ. ಮುಕ್ತ ತಂತ್ರಾಂಶದ ಬಗ್ಗೆ ನನಗಿರುವ ಗೌರವಕ್ಕೆ ಇಂಥವೇ ಕಾರಣ.

ನಿಮಗೆ ನಾನು ಸೂಚಿಸುವುದು ಇದು. ಮೊದಲು ಪಾರ್ಷಿಯಲ್ ಕ್ಲೋನ್ ಮಾಡಿ. ಕ್ಲೋನ್ ಆಜ್ಞೆಯೊಂದಿಗೆ ‘ಫಿಲ್ಟರ್’ ಆಯ್ಕೆಯನ್ನು ಸೇರಿಸಿ ‘ಬ್ಲಾಬ್:ನನ್’ ಎಂದು ಕೊಟ್ಟರೆ, ಕಮಿಟ್‌ಗಳೂ ಫೋಲ್ಡರ್ ರಚನೆಯೂ ಪೂರ್ತಿಯಾಗಿ ಬರುತ್ತವೆ. ಫೈಲುಗಳ ಒಳವಿಷಯ ಮಾತ್ರ ಚೆಕ್‌ಔಟ್‌ಗೆ, ಅಂದರೆ ಒಂದು ಆವೃತ್ತಿಯ ಫೈಲುಗಳನ್ನು ಡಿಸ್ಕ್‌ಗೆ ತರುವುದಕ್ಕೆ, ಬೇಕಾದಷ್ಟೇ ಬಂದು, ಉಳಿದದ್ದು ಅಗತ್ಯ ಬಿದ್ದಾಗ ಬರುತ್ತದೆ. ನಿಮ್ಮದೇ ಸರ್ವರ್ ಆಗಿದ್ದರೆ ಅದರಲ್ಲಿ ಫಿಲ್ಟರ್‌ಗೆ ಅನುಮತಿ ಕೊಡುವ ಸೆಟ್ಟಿಂಗ್ ಅನ್ನು ಆನ್ ಮಾಡಿಸಬೇಕು. ಗಿಟ್‌ಹಬ್, ಗಿಟ್‌ಲ್ಯಾಬ್‌ಗಳಲ್ಲಿ ಈ ಸೌಲಭ್ಯ ಇದೆ. ಎರಡನೆಯದಾಗಿ ‘ಸ್ಪಾರ್ಸ್-ಚೆಕ್‌ಔಟ್’ ಆಜ್ಞೆಯಿಂದ ನೀವು ಕೆಲಸ ಮಾಡುವ ಫೋಲ್ಡರ್‌ಗಳನ್ನಷ್ಟೇ ಡಿಸ್ಕ್‌ಗೆ ತರಿಸಿಕೊಳ್ಳಿ. ಬಿಲ್ಲಿಂಗ್ ವಿಭಾಗದವರು ಮೊಬೈಲ್ ಆ್ಯಪ್‌ನ ಫೈಲುಗಳನ್ನು ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳಬೇಕಾದ ಅಗತ್ಯವೇ ಇಲ್ಲ. ಅದರ ಜೊತೆಗೆ ಸ್ಪಾರ್ಸ್ ಇಂಡೆಕ್ಸ್ ಅನ್ನೂ ಆನ್ ಮಾಡಿದರೆ, ಹೊರಗುಳಿದ ಒಂದಿಡೀ ಫೋಲ್ಡರ್ ಇಂಡೆಕ್ಸ್‌ನಲ್ಲಿ ಒಂದೇ ಸಾಲಾಗಿ ಕುಗ್ಗುತ್ತದೆ. ವಿಂಡೋಸ್ ಅಥವಾ ಮ್ಯಾಕ್ ಬಳಸುವವರು 2.37ನೇ ಆವೃತ್ತಿಯಿಂದ ಗಿಟ್‌ನಲ್ಲೇ ಬಂದಿರುವ ‘ಎಫ್‌ಎಸ್‌ಮಾನಿಟರ್’ ಅನ್ನೂ ಚಾಲೂ ಮಾಡಬಹುದು. ಅದು ಯಾವ ಫೈಲು ಬದಲಾಯಿತೆಂಬುದನ್ನು ಹಿನ್ನೆಲೆಯಲ್ಲೇ ಗಮನಿಸುತ್ತಿರುವುದರಿಂದ ‘ಸ್ಟೇಟಸ್’ ಪ್ರತಿ ಫೈಲನ್ನೂ ವಿಚಾರಿಸಬೇಕಾಗಿಲ್ಲ. ಇವೆಲ್ಲವನ್ನೂ ಒಂದೊಂದಾಗಿ ಹೊಂದಿಸಲು ಬೇಸರವೆನಿಸಿದರೆ ‘ಸ್ಕೇಲಾರ್ ಕ್ಲೋನ್’ ಎಂಬ ಒಂದೇ ಆಜ್ಞೆ ಇವುಗಳಲ್ಲಿ ಹೆಚ್ಚಿನವನ್ನು ತಾನೇ ಮಾಡಿಕೊಡುತ್ತದೆ.

ಪಾರ್ಷಿಯಲ್ ಕ್ಲೋನ್‌ನಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಫೈಲೊಂದರ ಮೇಲೆ ‘ಬ್ಲೇಮ್’ (ಪ್ರತಿ ಸಾಲನ್ನು ಕೊನೆಯದಾಗಿ ಯಾರು ತಿದ್ದಿದರೆಂದು ತೋರಿಸುವ ಆಜ್ಞೆ) ಕೊಟ್ಟರೆ ಅದರ ಹಿಂದಿನ ರೂಪಗಳೆಲ್ಲ ಸರ್ವರ್‌ನಿಂದ ಆಗ ಬರಬೇಕಾಗಿರುವುದರಿಂದ ಮೊದಲ ಸಲ ನಿಧಾನವಾಗುತ್ತದೆ. 2025ರ ಮಾರ್ಚ್‌ನಲ್ಲಿ ಬಂದ 2.49ನೇ ಆವೃತ್ತಿಯ ‘ಗಿಟ್ ಬ್ಯಾಕ್‌ಫಿಲ್’ ಇವನ್ನು ಗುಂಪುಗುಂಪಾಗಿ ಮುಂಚಿತವಾಗಿ ತರಿಸಿಡುತ್ತದೆ.

ಇನ್ನು ಒಡೆಯುವ ಮಾತು. ಎರಡು ಉತ್ಪನ್ನಗಳನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ವೇಳಾಪಟ್ಟಿಯಲ್ಲಿ ಬಿಡುಗಡೆ ಮಾಡುತ್ತಿದ್ದು, ಒಂದರ ಬದಲಾವಣೆ ಇನ್ನೊಂದನ್ನು ಮುಟ್ಟುವುದು ಅಪರೂಪವಾಗಿದ್ದರೆ ಬೇರ್ಪಡಿಸುವುದು ಯೋಗ್ಯವೇ. ಹಾಗಿಲ್ಲದೆ ಬರೀ ವೇಗಕ್ಕಾಗಿ ಒಡೆದರೆ, ಇಂದು ಒಂದೇ ಕಮಿಟ್‌ನಲ್ಲಿ ಮುಗಿಯುವ ಬದಲಾವಣೆಯನ್ನು ನಾಳೆ ನಾಲ್ಕು ರೆಪೊಸಿಟರಿಗಳಲ್ಲಿ ಕ್ರಮ ತಪ್ಪದಂತೆ ಮಾಡಿ, ಯಾವುದರ ಯಾವ ಆವೃತ್ತಿ ಯಾವುದಕ್ಕೆ ಹೊಂದುತ್ತದೆ ಎಂಬ ಲೆಕ್ಕವನ್ನೂ ಇಡಬೇಕಾಗುತ್ತದೆ. ಹಾಗೆ ಒಡೆದ ಮೇಲೆ ಮತ್ತೆ ಜೋಡಿಸುವುದು ಒಡೆಯುವುದಕ್ಕಿಂತ ಕಠಿಣ. ಮೇಲೆ ಹೇಳಿದ ಕ್ರಮಗಳನ್ನು ಒಂದು ತಂಡದಲ್ಲಾದರೂ ಮೊದಲು ಪರೀಕ್ಷಿಸಿ ನೋಡಿ ಎಂದು ನಿಮ್ಮ ಹಿರಿಯರಲ್ಲಿ ವಿನಂತಿಸಿ.

ಪ್ರಶ್ನೆ: ಕ್ಲೋನ್ ಮಾಡುವಾಗ ‘ಡೆಪ್ತ್’ ಒಂದು ಎಂದು ಕೊಟ್ಟರೆ ಕ್ಷಣದಲ್ಲಿ ಮುಗಿಯುತ್ತದೆ. ಹಾಗಿದ್ದ ಮೇಲೆ ಎಲ್ಲರೂ ಯಾವಾಗಲೂ ಹಾಗೆಯೇ ಮಾಡಬಹುದಲ್ಲವೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಿಲ್ಡ್ ಸರ್ವರ್ ಒಂದು ಕೋಡ್ ತಂದು, ಪರೀಕ್ಷೆ ನಡೆಸಿ, ಎಲ್ಲವನ್ನೂ ಅಳಿಸಿಹಾಕುವುದಾದರೆ ಧಾರಾಳವಾಗಿ ಮಾಡಬಹುದು. ದಿನವೂ ಕೆಲಸ ಮಾಡುವ ನಿಮ್ಮ ಸ್ವಂತ ಪ್ರತಿಗೆ ಅದು ಸೂಕ್ತವಲ್ಲ. ‘ಡೆಪ್ತ್’ ಕೊಟ್ಟು ಪಡೆದ ಶ್ಯಾಲೋ ಕ್ಲೋನ್‌ನಲ್ಲಿ ಇತಿಹಾಸವನ್ನು ಒಂದು ಕಡೆ ಕಡಿದುಹಾಕಿರಲಾಗುತ್ತದೆ. ಆದ್ದರಿಂದ ಇತಿಹಾಸ ತೋರಿಸುವ ‘ಲಾಗ್’, ‘ಬ್ಲೇಮ್’, ಎರಡು ಬ್ರಾಂಚ್‌ಗಳನ್ನು ಕೂಡಿಸುವ ಮರ್ಜ್‌ಗೆ ಬೇಕಾದ ಸಾಮಾನ್ಯ ಪೂರ್ವಜ ಕಮಿಟ್‌ನ ಹುಡುಕಾಟ ಯಾವುದೂ ಸರಿಯಾಗಿ ನಡೆಯುವುದಿಲ್ಲ. ಪಾರ್ಷಿಯಲ್ ಕ್ಲೋನ್‌ನಲ್ಲಿ ಇತಿಹಾಸ ಪೂರ್ತಿ ಇರುತ್ತದೆ, ಒಳವಿಷಯ ಮಾತ್ರ ತಡವಾಗಿ ಬರುತ್ತದೆ.

ಅಷ್ಟೇ ಮುಖ್ಯವಾದ ಇನ್ನೊಂದು ಅಂಶವೆಂದರೆ, ಶ್ಯಾಲೋ ಕ್ಲೋನ್‌ನಲ್ಲಿ ನಾವು ಉಳಿಸಿದ ಶ್ರಮ ಸರ್ವರ್‌ನ ಮೇಲೆ ಬೀಳುತ್ತದೆ. ಆ ಪ್ರತಿಯಿಂದ ಪ್ರತಿ ಸಲ ‘ಫೆಚ್’ ಮಾಡಿದಾಗಲೂ (ಹೊಸ ಬದಲಾವಣೆಗಳನ್ನು ತರಿಸಿಕೊಂಡಾಗಲೂ), ನಿಮ್ಮ ಬಳಿ ಏನಿದೆ, ಏನಿಲ್ಲ ಎಂಬುದನ್ನು ಸರ್ವರ್ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಆಪಲ್ ಸಾಧನಗಳ ತಂತ್ರಾಂಶ ಬರೆಯುವವರು ಬಳಸುವ ಕೊಕೊಪಾಡ್ಸ್ ಯೋಜನೆಗೆ 2016ರಲ್ಲಿ ಇದೇ ತೊಂದರೆ ಎದುರಾಯಿತು. ಅದರ ಬಳಕೆದಾರರೆಲ್ಲ ಪ್ಯಾಕೇಜ್‌ಗಳ ಪಟ್ಟಿಯಿದ್ದ ರೆಪೊಸಿಟರಿಯನ್ನು ಶ್ಯಾಲೋ ರೂಪದಲ್ಲಿ ಪಡೆದು ಮತ್ತೆ ಮತ್ತೆ ‘ಫೆಚ್’ ಮಾಡುತ್ತಿದ್ದರು. ಅದರ ಜೊತೆಗೆ ಆ ರೆಪೊಸಿಟರಿಯ ಒಂದೇ ಫೋಲ್ಡರ್‌ನಲ್ಲಿ ಸುಮಾರು 16,000 ಉಪಫೋಲ್ಡರ್‌ಗಳಿದ್ದವು. ಗಿಟ್ ಪ್ರತಿ ಫೋಲ್ಡರ್‌ನ ಪಟ್ಟಿಯನ್ನು ‘ಟ್ರೀ’ ಎಂಬ ಒಂದು ವಸ್ತುವಾಗಿ ಇಡುತ್ತದೆ. ಹಾಗಾಗಿ ಯಾರಾದರೂ ಒಂದು ಪ್ಯಾಕೇಜ್ ಮುಟ್ಟಿದರೂ ಆ 16,000 ಹೆಸರುಗಳ ಪಟ್ಟಿಯೇ ಹೊಸದಾಗಿ ಹುಟ್ಟುತ್ತಿತ್ತು. ಹೊರೆ ತಾಳಲಾರದೆ ಗಿಟ್‌ಹಬ್ ಆ ರೆಪೊಸಿಟರಿಯ ಬಳಕೆಗೆ ಮಿತಿ ಹೇರಬೇಕಾಯಿತು. ಆ ಬಳಿಕ ಕೊಕೊಪಾಡ್ಸ್ ತಂಡ ಶ್ಯಾಲೋ ಕ್ಲೋನ್ ಅನ್ನು ಕೈಬಿಟ್ಟು, ಆ ದೊಡ್ಡ ಫೋಲ್ಡರನ್ನು ಹಲವು ಹಂತಗಳ ಚಿಕ್ಕ ಫೋಲ್ಡರ್‌ಗಳಾಗಿ ಹಂಚಿತು. ನೀವು ನಾಳೆ ಯಾವುದಾದರೂ ಯೋಜನೆಯ ಫೋಲ್ಡರ್ ರಚನೆಯನ್ನು ನಿರ್ಧರಿಸುವ ಸ್ಥಾನದಲ್ಲಿದ್ದಾಗ ಒಂದೇ ಫೋಲ್ಡರ್‌ನಲ್ಲಿ ಸಾವಿರಾರು ಫೈಲುಗಳನ್ನು ಸುರಿಯಬೇಡಿ.

ಪ್ರಶ್ನೆ: ನಾವು ಕೆಲವರು ಸೇರಿ ಹಳೆಯ ಕನ್ನಡ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಪಠ್ಯವನ್ನು ಯೂನಿಕೋಡ್‌ಗೆ ತಂದು ತಿದ್ದುತ್ತಿದ್ದೇವೆ. ಚಿತ್ರಗಳನ್ನೂ ಪಠ್ಯವನ್ನೂ ಒಂದೇ ಗಿಟ್ ರೆಪೊಸಿಟರಿಯಲ್ಲಿ ಇಟ್ಟಿದ್ದೇವೆ. ಈಚೆಗೆ ಒಂದು ಫೈಲು ತೀರ ದೊಡ್ಡದೆಂದು ಗಿಟ್‌ಹಬ್ ನಮ್ಮ ಪುಷ್ ಅನ್ನು (ಸರ್ವರ್‌ಗೆ ಕಳಿಸಿದ ಕಮಿಟ್‌ಗಳನ್ನು) ತಿರಸ್ಕರಿಸಿತು. ಆ ಫೈಲನ್ನು ಅಳಿಸಿ ಮತ್ತೆ ಕಮಿಟ್ ಮಾಡಿದರೂ ಅದೇ ಸಂದೇಶ ಬರುತ್ತಿದೆ, ರೆಪೊಸಿಟರಿಯ ಗಾತ್ರವೂ ಇಳಿದಿಲ್ಲ.
— ಒಂದು ಗೆಳೆಯರ ಬಳಗ, ಧಾರವಾಡ

ಉತ್ತರ: ನೀವು ಕೈಗೊಂಡಿರುವ ಕೆಲಸ ದೊಡ್ಡದು, ಅದಕ್ಕೆ ಮೊದಲು ಅಭಿನಂದನೆಗಳು. ಗಿಟ್‌ಹಬ್ 100 ಮೆಗಾಬೈಟ್‌ಗಿಂತ ದೊಡ್ಡ ಫೈಲುಗಳನ್ನು ಸ್ವೀಕರಿಸುವುದಿಲ್ಲ. ನೀವು ಮಾಡಿದ ಎರಡನೆಯ ಕಮಿಟ್ ಆ ಫೈಲನ್ನು ಈಗಿನ ಆವೃತ್ತಿಯಿಂದ ಮಾತ್ರ ತೆಗೆದಿದೆ. ಮೊದಲ ಕಮಿಟ್‌ನಲ್ಲಿ ಅದು ಹಾಗೆಯೇ ಕುಳಿತಿದ್ದು, ಪುಷ್ ಮಾಡುವಾಗ ಎರಡೂ ಒಟ್ಟಿಗೆ ಹೋಗುತ್ತವೆ. ಆ ಕಮಿಟ್‌ಗಳು ಇನ್ನೂ ಸರ್ವರ್‌ಗೆ ಹೋಗಿಲ್ಲವಾದ್ದರಿಂದ ಪರಿಹಾರ ಸುಲಭ. ಮೊದಲು ಫೋಲ್ಡರ್‌ನ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡು, ‘ಗಿಟ್ ರೀಸೆಟ್’ ಮೂಲಕ ಆ ಫೈಲು ಸೇರುವ ಮುಂಚಿನ ಕಮಿಟ್‌ಗೆ ಹಿಂದಿರುಗಿ, ಫೈಲನ್ನು ಬಿಟ್ಟು ಉಳಿದದ್ದನ್ನು ಹೊಸದಾಗಿ ಕಮಿಟ್ ಮಾಡಿರಿ.

ಈಗಾಗಲೇ ಸರ್ವರ್‌ನಲ್ಲಿರುವ ಹಳೆಯ ಚಿತ್ರಗಳ ಭಾರವನ್ನು ಇಳಿಸಬೇಕಾದರೆ ಇತಿಹಾಸವನ್ನೇ ತಿದ್ದಬೇಕು. ಅದಕ್ಕೆ ‘ಗಿಟ್ ಫಿಲ್ಟರ್-ರೆಪೊ’ ಎಂಬ ಉಪಕರಣವನ್ನು ಬಳಸಿರಿ. ಹಳೆಯ ಬರಹಗಳಲ್ಲಿ ಹೇಳಿರುವ ‘ಫಿಲ್ಟರ್-ಬ್ರಾಂಚ್’ ಬೇಡ, ಗಿಟ್‌ನ ಅಧಿಕೃತ ದಾಖಲೆಯೇ ಅದನ್ನು ಬಳಸದಂತೆ ಎಚ್ಚರಿಸುತ್ತದೆ. ಪ್ರತಿ ಕಮಿಟ್‌ನ ಗುರುತು ಅದರ ಹಿಂದಿನ ಕಮಿಟ್‌ನ ಗುರುತನ್ನು ಒಳಗೊಂಡು ಲೆಕ್ಕವಾಗುವುದರಿಂದ, ಮಧ್ಯದ ಒಂದನ್ನು ತಿದ್ದಿದರೆ ಮುಂದಿನವೆಲ್ಲ ಬದಲಾಗುತ್ತವೆ. ಬಳಗದ ಎಲ್ಲರೂ ತಮ್ಮ ಕೆಲಸವನ್ನು ಮೊದಲು ಪುಷ್ ಮಾಡಿ, ಒಬ್ಬರೇ ತಿದ್ದುಪಡಿ ನಡೆಸಿ, ಆಮೇಲೆ ಪ್ರತಿಯೊಬ್ಬರೂ ಹಳೆಯ ಪ್ರತಿಯನ್ನು ಬಿಟ್ಟು ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು. ಒಬ್ಬರು ಹಳೆಯ ಪ್ರತಿಯಿಂದ ಮರ್ಜ್ ಮಾಡಿ ಪುಷ್ ಮಾಡಿದರೂ ತೆಗೆದ ಚಿತ್ರಗಳೆಲ್ಲ ವಾಪಸು ಬಂದುಬಿಡುತ್ತವೆ.

ಮುಂದಿನ ದಿನಗಳಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಪಠ್ಯ ಗಿಟ್‌ನಲ್ಲಿರಲಿ, ಚಿತ್ರಗಳು ಹೊರಗಿರಲಿ. ಯಾರು ಯಾವ ಸಾಲಿನ ಯಾವ ಒತ್ತಕ್ಷರವನ್ನು ಎಂದು ತಿದ್ದಿದರು ಎಂಬುದನ್ನು ತೋರಿಸುವುದರಲ್ಲಿ ಗಿಟ್‌ಗೆ ಸಮನಾದದ್ದು ವಿರಳ, ನಿಮ್ಮ ಕೆಲಸಕ್ಕೆ ಬೇಕಿರುವುದೂ ಅದೇ. ಸ್ಕ್ಯಾನ್ ಮಾಡಿದ ಜೆಪೆಗ್ ಚಿತ್ರವನ್ನು ಸ್ವಲ್ಪ ಕತ್ತರಿಸಿ ಮತ್ತೆ ಉಳಿಸಿದರೆ, ಅದು ಮೊದಲೇ ಸಂಕುಚಿತವಾಗಿರುವುದರಿಂದ, ಗಿಟ್‌ಗೆ ಹಳೆಯದರೊಡನೆ ಯಾವ ಹೋಲಿಕೆಯೂ ಸಿಗದೆ ಇಡೀ ಚಿತ್ರವೇ ಮತ್ತೊಮ್ಮೆ ಸೇರಿಕೊಳ್ಳುತ್ತದೆ. ಚಿತ್ರಗಳೂ ರೆಪೊಸಿಟರಿಯೊಡನೆಯೇ ಬರಬೇಕೆಂದಿದ್ದರೆ 2015ರಿಂದ ಬಳಕೆಯಲ್ಲಿರುವ ಗಿಟ್ ಎಲ್‌ಎಫ್‌ಎಸ್ ಇದೆ. ಅದು ರೆಪೊಸಿಟರಿಯಲ್ಲಿ ಚಿತ್ರದ ಬದಲು ಅದರ ಗುರುತನ್ನೂ ಗಾತ್ರವನ್ನೂ ಬರೆದ ಮೂರು ಸಾಲಿನ ಒಂದು ಪುಟ್ಟ ಪಠ್ಯ ಫೈಲನ್ನು ಇಟ್ಟು, ನಿಜವಾದ ಚಿತ್ರವನ್ನು ಬೇರೆ ಸರ್ವರ್‌ನಲ್ಲಿ ಉಳಿಸುತ್ತದೆ. ಆದರೆ ಚಿತ್ರದ ಪ್ರತಿಯೊಂದು ಆವೃತ್ತಿಯೂ ಅಲ್ಲಿ ಜಾಗ ಹಿಡಿಯುತ್ತದೆ, ಉಚಿತ ಮಿತಿಯನ್ನು ದಾಟಿದರೆ ಹಣ ಕೊಡಬೇಕಾಗುತ್ತದೆ. ಒಮ್ಮೆ ಸ್ಕ್ಯಾನ್ ಮಾಡಿದ ಮೇಲೆ ಬದಲಾಗದ ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನಂತಹ ಕಡೆ ಏರಿಸಿ, ಪಠ್ಯ ಫೈಲಿನ ತಲೆಯಲ್ಲಿ ಆ ಪುಟದ ಕೊಂಡಿಯನ್ನು ಬರೆದಿಡುವುದು ನಿಮ್ಮಂಥ ಬಳಗಕ್ಕೆ ಹೆಚ್ಚು ಒಗ್ಗುತ್ತದೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿದೆಯೇ ಎಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ನಮ್ಮ ಜಾವಾಸ್ಕ್ರಿಪ್ಟ್ ರೆಪೊಸಿಟರಿಯಲ್ಲಿ ಚಿತ್ರ, ವಿಡಿಯೋ ಯಾವುದೂ ಇಲ್ಲ, ಎಲ್ಲವೂ ಪಠ್ಯವೇ. ಆದರೂ ಗಿಟ್‌ನ ಒಳ ಫೋಲ್ಡರ್ ಹತ್ತಾರು ಗಿಗಾಬೈಟ್‌ಗೆ ಬೆಳೆದಿದೆ. ಕಾರಣ ಏನಿರಬಹುದು?
— ಕನ್ನಡಿಗ ಎಂಜಿನಿಯರ್, ಪುಣೆ

ಉತ್ತರ: ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ನೆನಪಿಗೆ ಬಂದದ್ದು ಮೈಕ್ರೋಸಾಫ್ಟ್‌ನ ಒಂದು ಜಾವಾಸ್ಕ್ರಿಪ್ಟ್ ಮೊನೊರೆಪೊ, ಅಂದರೆ ಹಲವು ಯೋಜನೆಗಳ ಕೋಡ್ ಒಟ್ಟಿಗೆ ಇರುವ ರೆಪೊಸಿಟರಿ. ಅದರ ಗಾತ್ರ 178 ಗಿಗಾಬೈಟ್ ಮುಟ್ಟಿತ್ತು. ಕಾರಣ ಹುಡುಕಿ ಸರಿಪಡಿಸಿದ ಮೇಲೆ ಸುಮಾರು 5 ಗಿಗಾಬೈಟ್‌ಗೆ ಇಳಿಯಿತು ಎಂದು 2024ರಲ್ಲಿ ಅಲ್ಲಿನ ಎಂಜಿನಿಯರ್‌ಗಳು ಪ್ರಕಟಿಸಿದರು. ಒಂದೇ ಒಂದು ಫೈಲನ್ನೂ ಅಳಿಸದೆ, ಇತಿಹಾಸವನ್ನೂ ಮುಟ್ಟದೆ ಆದ ಇಳಿಕೆ ಅದು.

ಆದದ್ದು ಹೀಗೆ. ಗಿಟ್ ಪ್ಯಾಕ್ ಫೈಲು ಕಟ್ಟುವಾಗ ಎಲ್ಲವನ್ನೂ ಎಲ್ಲದರೊಡನೆ ಹೋಲಿಸಿ ನೋಡುವುದು ಅಸಾಧ್ಯ. ಆದ್ದರಿಂದ ಹೆಸರಿನ ಆಧಾರದ ಮೇಲೆ ಫೈಲುಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದನ್ನೂ ಅಕ್ಕಪಕ್ಕದ ಕೆಲವೇ ಕೆಲವರೊಡನೆ, ರೂಢಿಯ ಸೆಟ್ಟಿಂಗ್‌ನಲ್ಲಿ ಹತ್ತರೊಡನೆ, ಹೋಲಿಸುತ್ತದೆ. ಸಾಲು ನಿಲ್ಲಿಸಲು ಅದು ಬಳಸುವ ಲೆಕ್ಕದಲ್ಲಿ ಫೈಲಿನ ಪೂರ್ಣ ವಿಳಾಸದ ಕೊನೆಯ 16 ಅಕ್ಷರಗಳಿಗೆ ಮಾತ್ರ ಬೆಲೆ. ಈಗ ಪ್ರತಿ ಪ್ಯಾಕೇಜ್‌ನ ಫೋಲ್ಡರ್‌ನಲ್ಲೂ ಇರುವ ಬದಲಾವಣೆಗಳ ಪಟ್ಟಿಯಾದ ‘ಚೇಂಜ್‌ಲಾಗ್.ಎಂಡಿ’ (CHANGELOG.md) ಫೈಲನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಆ ಹೆಸರಿಗೇ 12 ಅಕ್ಷರ, ಅದರ ಹಿಂದಿನ ಓರೆಗೆರೆಗೆ ಒಂದು. ಫೋಲ್ಡರ್‌ನ ಹೆಸರಿಗೆ ಉಳಿಯುವುದು ಮೂರೇ ಅಕ್ಷರ. ಸಾವಿರಾರು ಪ್ಯಾಕೇಜ್‌ಗಳಿದ್ದಾಗ, ಒಂದಕ್ಕೊಂದು ಸಂಬಂಧವಿಲ್ಲದ ಚೇಂಜ್‌ಲಾಗ್‌ಗಳು ಒಂದೇ ಗುಂಪಿಗೆ ಬಿದ್ದು, ಗಾತ್ರದ ಪ್ರಕಾರ ಬೆರೆತುಹೋಗುತ್ತವೆ. ಒಂದು ಫೈಲಿನ ನಿನ್ನೆಯ ರೂಪ ಎಲ್ಲೋ ದೂರದಲ್ಲಿದ್ದು, ಪಕ್ಕದಲ್ಲಿ ಯಾವುದೋ ಬೇರೆ ಪ್ಯಾಕೇಜ್‌ನ ಫೈಲು ಬಂದು ನಿಂತರೆ ವ್ಯತ್ಯಾಸವನ್ನಷ್ಟೇ ಉಳಿಸುವ ಅವಕಾಶವೇ ತಪ್ಪುತ್ತದೆ. ಪ್ರತಿ ಬಿಡುಗಡೆಯಲ್ಲೂ ಉಪಕರಣವೊಂದು ಈ ಫೈಲುಗಳಿಗೆ ತಾನಾಗಿ ಸಾಲುಗಳನ್ನು ಸೇರಿಸುತ್ತಿದ್ದರೆ ಹಾನಿ ಬೇಗ ಬೆಳೆಯುತ್ತದೆ.

ಇದಕ್ಕೆ ಪರಿಹಾರವಾಗಿ ಗಿಟ್ 2.49ರಲ್ಲಿ ‘ನೇಮ್-ಹ್ಯಾಶ್-ವರ್ಷನ್’ ಎಂಬ ಆಯ್ಕೆ ಬಂದಿದೆ. ‘ಗಿಟ್ ರೀಪ್ಯಾಕ್’ ಆಜ್ಞೆಯೊಂದಿಗೆ ಅದಕ್ಕೆ ಎರಡು ಎಂದು ಕೊಟ್ಟು, ಹಳೆಯ ಹೋಲಿಕೆಗಳನ್ನು ಬಿಟ್ಟು ಹೊಸದಾಗಿ ಲೆಕ್ಕ ಹಾಕುವಂತೆ ಹೇಳಿದರೆ, ಫೋಲ್ಡರ್‌ಗಳ ಹೆಸರೂ ಗಣನೆಗೆ ಬರುತ್ತದೆ. ದೊಡ್ಡ ರೆಪೊಸಿಟರಿಯಲ್ಲಿ ಇದಕ್ಕೆ ಗಂಟೆಗಟ್ಟಲೆ ಸಮಯವೂ ಸಾಕಷ್ಟು ಮೆಮೊರಿಯೂ ಬೇಕು, ಆದ್ದರಿಂದ ರಾತ್ರಿಯ ಹೊತ್ತು ಒಂದು ಪ್ರತಿಯ ಮೇಲೆ ನಡೆಸಿ ನೋಡಿ. ಗಾತ್ರ ಇಳಿದರೆ ರೋಗ ಇದೇ ಎಂದು ಖಚಿತವಾಗುತ್ತದೆ. ಆದರೆ ನಿಮ್ಮ ಯಂತ್ರದಲ್ಲಿ ಇಳಿದದ್ದರಿಂದ ಇತರರ ಕ್ಲೋನ್ ಹಗುರವಾಗುವುದಿಲ್ಲ. ಸರ್ವರ್‌ನಲ್ಲೂ ಹೀಗೆಯೇ ರೀಪ್ಯಾಕ್ ಆಗಬೇಕು, ಅದಕ್ಕಾಗಿ ಸರ್ವರ್ ನೋಡಿಕೊಳ್ಳುವವರನ್ನು ಕೇಳಬೇಕಾಗುತ್ತದೆ.

ಪ್ರಶ್ನೆ: ಗೂಗಲ್‌ನಂತಹ ಕಂಪನಿಗಳು ತಮ್ಮ ಎಲ್ಲ ಕೋಡ್ ಅನ್ನೂ ಒಂದೇ ಗಿಟ್ ರೆಪೊಸಿಟರಿಯಲ್ಲಿ ಇಟ್ಟಿವೆ ಎನ್ನುವುದು ನಿಜವೆ?
— ಒಬ್ಬ ಓದುಗರು, ತುಮಕೂರು

ಉತ್ತರ: ಒಂದೇ ರೆಪೊಸಿಟರಿ ಎಂಬುದು ಬಹುಮಟ್ಟಿಗೆ ನಿಜ, ಗಿಟ್ ಎಂಬುದು ನಿಜವಲ್ಲ. ಗೂಗಲ್ ತನಗಾಗಿ ‘ಪೈಪರ್’ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿದೆ. 2016ರಲ್ಲಿ ಅಲ್ಲಿನವರು ಪ್ರಕಟಿಸಿದ ಲೇಖನದ ಪ್ರಕಾರ, 2015ರ ಆರಂಭದಲ್ಲೇ ಅದರಲ್ಲಿ ಸುಮಾರು 86 ಟೆರಾಬೈಟ್ ದತ್ತಾಂಶವೂ 200 ಕೋಟಿ ಸಾಲುಗಳ ಕೋಡ್ ಕೂಡ ಇತ್ತು. ಫೇಸ್‌ಬುಕ್ ಗಿಟ್ ಬದಲಿಗೆ ಅದರಂಥದೇ ಇನ್ನೊಂದು ತಂತ್ರಾಂಶವಾದ ಮರ್ಕ್ಯುರಿಯಲ್ ಅನ್ನು ಆರಿಸಿಕೊಂಡು, ಅದನ್ನು ತನಗೆ ಬೇಕಾದಂತೆ ಬದಲಿಸುತ್ತ ಹೋಗಿ, 2022ರಲ್ಲಿ ‘ಸ್ಯಾಪ್ಲಿಂಗ್’ ಎಂಬ ಹೆಸರಿನಲ್ಲಿ ಹೊರಗಿನವರಿಗೂ ಕೊಟ್ಟಿತು. ಅವರ ಉದಾಹರಣೆಯನ್ನು ತೋರಿಸಿ ನಿಮ್ಮ ಕಂಪನಿಯಲ್ಲೂ ಎಲ್ಲವನ್ನೂ ಒಂದುಗೂಡಿಸೋಣವೆಂದು ಯಾರಾದರೂ ಹೇಳಿದರೆ, ಆ ವ್ಯವಸ್ಥೆಯನ್ನು ದಿನವೂ ಕಾಯುವುದಕ್ಕೆಂದೇ ಅಲ್ಲಿ ಪ್ರತ್ಯೇಕ ತಂಡಗಳಿವೆ ಎಂಬುದನ್ನೂ ಅವರಿಗೆ ತಿಳಿಸಿರಿ.

ಪ್ರಶ್ನೆ: ನಾನು ತೀರ್ಥಹಳ್ಳಿಯ ಹತ್ತಿರದ ಊರಿನಿಂದ ಮನೆಯಲ್ಲೇ ಕೆಲಸ ಮಾಡುತ್ತೇನೆ. ನೆಟ್‌ವರ್ಕ್ ಮಧ್ಯೆ ಮಧ್ಯೆ ಹೋಗುತ್ತದೆ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಕ್ಲೋನ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರುವಾಗುತ್ತದೆ. ಏನಾದರೂ ಉಪಾಯವಿದೆಯೆ?
— ಒಬ್ಬ ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಂತುಹೋದ ಕ್ಲೋನ್ ಅನ್ನು ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಗಿಟ್‌ನಲ್ಲಿ ಇಲ್ಲ. ನಿಮ್ಮಂಥವರಿಗೆ ‘ಗಿಟ್ ಬಂಡಲ್’ ಬಹಳ ಉಪಯುಕ್ತ. ಕಚೇರಿಯಲ್ಲಿರುವ ಸಹೋದ್ಯೋಗಿಯೊಬ್ಬರು ‘ಬಂಡಲ್ ಕ್ರಿಯೇಟ್’ ಆಜ್ಞೆಯಿಂದ ಇಡೀ ರೆಪೊಸಿಟರಿಯನ್ನು ಒಂದೇ ಫೈಲಾಗಿ ಕಟ್ಟಿಕೊಡಬಹುದು. ಅದನ್ನು ಪೆನ್‌ಡ್ರೈವ್‌ನಲ್ಲಿ ತರಬಹುದು; ಅಥವಾ, ಅದು ಸಾಧಾರಣ ಫೈಲೇ ಆದ್ದರಿಂದ, ನಿಂತಲ್ಲಿಂದ ಮುಂದುವರಿಯುವ ಯಾವುದೇ ಡೌನ್‌ಲೋಡ್ ಉಪಕರಣದಿಂದ ತುಸುತುಸುವಾಗಿ ಇಳಿಸಿಕೊಳ್ಳಬಹುದು. ಕಂಪನಿಯ ಕೋಡ್ ಆದ್ದರಿಂದ ಹೀಗೆ ಸಾಗಿಸಲು ಮೇಲಿನವರ ಅನುಮತಿ ಮೊದಲೇ ಇರಬೇಕು. ಬಂಡಲ್ ಕೈಗೆ ಬಂದ ಮೇಲೆ ಅದರಿಂದಲೇ ಕ್ಲೋನ್ ಮಾಡಿ, ‘ರಿಮೋಟ್ ಸೆಟ್-ಯುಆರ್‌ಎಲ್’ ಮೂಲಕ ನಿಜವಾದ ಸರ್ವರ್‌ನ ವಿಳಾಸವನ್ನು ಸೇರಿಸಿ ‘ಫೆಚ್’ ಕೊಟ್ಟರೆ, ಬಂಡಲ್ ಕಟ್ಟಿದ ನಂತರದ ಬದಲಾವಣೆಗಳು ಮಾತ್ರ ಇಳಿಯುತ್ತವೆ.

ಆಮೇಲೆ ಆ ಫೋಲ್ಡರ್‌ನಲ್ಲಿ ‘ಗಿಟ್ ಮೇಂಟೆನೆನ್ಸ್ ಸ್ಟಾರ್ಟ್’ ಎಂದು ಒಮ್ಮೆ ಕೊಟ್ಟುಬಿಡಿ. ಅಂದಿನಿಂದ ಗಿಟ್ ಗಂಟೆಗೊಮ್ಮೆ ಸರ್ವರ್‌ನಲ್ಲಿರುವ ಹೊಸ ದತ್ತಾಂಶವನ್ನು ಹಿನ್ನೆಲೆಯಲ್ಲೇ ತಂದಿಡುತ್ತದೆ. ನಿಮ್ಮ ಬ್ರಾಂಚ್‌ಗಳನ್ನಾಗಲೀ ಫೈಲುಗಳನ್ನಾಗಲೀ ಅದು ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ ಚಾಲೂ ಇದ್ದು ನೆಟ್‌ವರ್ಕ್ ಸಿಕ್ಕ ಗಂಟೆಗಳಲ್ಲಿ ಆ ಕೆಲಸ ಮುಗಿದಿರುವುದರಿಂದ, ನೀವು ಕುಳಿತು, ಹೊಸ ಬದಲಾವಣೆಗಳನ್ನು ನಿಮ್ಮ ಪ್ರತಿಗೆ ಸೇರಿಸಲು ‘ಪುಲ್’ ಕೊಡುವ ವೇಳೆಗೆ ಇಳಿಸಬೇಕಾದದ್ದು ಸ್ವಲ್ಪವೇ ಉಳಿದಿರುತ್ತದೆ. ನಿಮ್ಮದು ಮೊಬೈಲ್ ಹಾಟ್‌ಸ್ಪಾಟ್ ಆಗಿದ್ದರೆ ದಿನದ ಡೇಟಾ ಎಷ್ಟು ಖರ್ಚಾಗುತ್ತಿದೆ ಎಂದು ಮೊದಲ ವಾರ ಗಮನಿಸಿ, ಹೆಚ್ಚೆನಿಸಿದರೆ ‘ಮೇಂಟೆನೆನ್ಸ್ ಸ್ಟಾಪ್’ ಎಂದು ಕೊಟ್ಟು ನಿಲ್ಲಿಸಬಹುದು.